ಕೊನೆಯ ಐದು ಮಿಲಿಸೆಕೆಂಡ್

*ಕರೆಂಟ್ ಪೂರ್ತಿ ಹೋದರೆ ಯಂತ್ರದ ನೆನಪಿಗೆ ಅಷ್ಟು ಧಕ್ಕೆಯಿಲ್ಲ. ಅರ್ಧ ಹೋದಾಗಲೇ ಕಷ್ಟ. ಆಳಂದ, ಅಫಜಲಪುರ, ಜೇವರ್ಗಿಯ ತೂಕದ ಕಾಟಾದಿಂದ ಕಂಪ್ಯೂಟರಿನ ರ್‍ಯಾಮ್‌ವರೆಗೆ, ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಕೆಲಸದ ಒಳಹೊರಗು*

ಭೀಮಾ ದಂಡೆಯ ಊರುಗಳಲ್ಲಿ ತ್ರೀ ಫೇಸ್ ಬರುವ ಹೊತ್ತು ಎಲ್ಲರಿಗೂ ಗೊತ್ತು. ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಲೆಕ್ಕ. ಈ ವಾರ ಹಗಲು ಪಾಳಿಯೋ ರಾತ್ರಿ ಪಾಳಿಯೋ ಎಂಬುದು ಮನೆಯ ಮಕ್ಕಳಿಗೂ ಬಾಯಿಪಾಠ. ಲೈನ್ ಬಂದ ಕ್ಷಣಕ್ಕೆ ಆಟೋ ಸ್ಟಾರ್ಟರ್ ಹಾಕಿಟ್ಟ ಮೋಟಾರುಗಳೆಲ್ಲ ಒಟ್ಟಿಗೇ ಏಳುತ್ತವೆ. 5 ಎಚ್‌ಪಿ ಮೋಟಾರು ಓಡುವಾಗ ಎಳೆಯುವುದು ಸುಮಾರು ಏಳೂವರೆ ಆಂಪಿಯರ್. ಆದರೆ ನಿಂತಲ್ಲಿಂದ ವೇಗ ಹಿಡಿಯುವ ಆ ಮೊದಲ ಕೆಲವು ಗಳಿಗೆ ಅದಕ್ಕೆ ಐದಾರು ಪಟ್ಟು ಬೇಕು. ಒಂದು ಟಿಸಿಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೆ, ಇಂಥ ಹತ್ತು ಮೋಟಾರು ಇದ್ದರೆ ಒಂದೇ ಏಟಿಗೆ 400 ಆಂಪಿಯರ್ ಬೇಡಿಕೆ. 63 ಕೆವಿಎ ಟಿಸಿಯ ಪೂರ್ಣ ಸಾಮರ್ಥ್ಯವೇ 84 ಆಂಪಿಯರ್ ಆಸುಪಾಸು. ಹೊಲದ ಮನೆಯ ಬಲ್ಬು ಕೆಂಪಗಾಗುತ್ತದೆ. "ಡಿಮ್ ಆದ್ವು ನೋಡ್ರಿ" ಎಂದು ಯಾರೋ ಅನ್ನುವಷ್ಟರಲ್ಲಿ ಮತ್ತೆ ಬೆಳಕು ಬಂದಿರುತ್ತದೆ.

ಬಲ್ಬಿಗೆ ಅದರಿಂದ ಏನೂ ಆಗಲಿಲ್ಲ. ಮೋಟಾರಿಗೂ ಆಗಲಿಲ್ಲ. ಅದೇ ಲೈನಿನ ಮೇಲೆ ಕಿರಾಣಿ ಅಂಗಡಿಯ ತೂಕದ ಕಾಟಾ ಇತ್ತು, ಬಾವಿಯ ಮೇಲೆ ಮೊಬೈಲ್ ಸ್ಟಾರ್ಟರ್ ಇತ್ತು, ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರು ಇತ್ತು. ಈ ಮೂರಕ್ಕೂ ಬಲ್ಬಿಗಿಲ್ಲದ ಒಂದು ಗುಣವಿದೆ. ಅವು ನೆನಪಿಟ್ಟುಕೊಳ್ಳುತ್ತವೆ. ನೆನಪಿಟ್ಟುಕೊಳ್ಳುವ ಯಂತ್ರಕ್ಕೆ ಆ ಒಂದು ಗಳಿಗೆಯ ಮಂಕು ಬಹಳ ದೊಡ್ಡ ಘಟನೆ.

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನೇ ನೋಡುವುದಕ್ಕೆ ಕಾರಣವಿದೆ. ಆಳಂದದ ಎರೆಹೊಲಗಳಲ್ಲಿ ತೊಗರಿ, ಅಫಜಲಪುರದ ಭೀಮಾ ದಂಡೆಯಲ್ಲಿ ಕಬ್ಬು, ಜೇವರ್ಗಿಯಲ್ಲಿ ಹತ್ತಿ ಮತ್ತು ತೊಗರಿ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿ ಇಲ್ಲಿಂದಲೂ ಮಾರುಕಟ್ಟೆಗೆ ಹೋಗುತ್ತದೆ. ಬೆಳೆ ತೂಗುವುದು ಎಲೆಕ್ಟ್ರಾನಿಕ್ ಕಾಟಾ, ಮಾರಲು ಹೆಸರು ನೋಂದಾಯಿಸುವುದು ಕಂಪ್ಯೂಟರು, ರೇಷನ್ ಕೊಡುವುದು ಬೆರಳಚ್ಚಿನ ಯಂತ್ರ, ನೀರು ಹಾಯಿಸುವುದು ಫೋನಿನಿಂದ ಎದ್ದು ಕೂರುವ ಮೋಟಾರು. ಜೀವನದ ಲೆಕ್ಕವೆಲ್ಲ ಚಿಪ್ಪುಗಳಿಗೆ ಸೇರಿಹೋಗಿದೆ. ಆ ಚಿಪ್ಪುಗಳಿಗೆ ಉಣ್ಣಿಸುವ ಲೈನು ಮಾತ್ರ ಮೋಟಾರುಗಳನ್ನು ತಲೆಯಲ್ಲಿಟ್ಟುಕೊಂಡು ಎಳೆದದ್ದು.

216ರಿಂದ 244

1956ರ ಭಾರತೀಯ ವಿದ್ಯುತ್ ನಿಯಮಾವಳಿಯ 54ನೇ ನಿಯಮದ ಪ್ರಕಾರ ಮನೆಗೆ ಬರುವ ವೋಲ್ಟೇಜು ಘೋಷಿತ ಮಟ್ಟಕ್ಕಿಂತ ಶೇ 6ರಷ್ಟು ಮಾತ್ರ ಹೆಚ್ಚುಕಡಿಮೆ ಆಗಬಹುದಿತ್ತು. 230ಕ್ಕೆ ಅಂದರೆ 216ರಿಂದ 244. ಟಿಸಿಯ ಬುಡದಲ್ಲಿ, ಮೋಟಾರು ಇಲ್ಲದ ಹೊತ್ತಿನಲ್ಲಿ, ಅದು ಸಿಗುತ್ತದೆ. ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಸಿಗುತ್ತದೆ, ಏಕೆಂದರೆ ಟಿಸಿಯಿಂದ ಹೊರಡುವಾಗಲೇ 250 ಇರುವಂತೆ ಅದನ್ನು ಸುತ್ತಿರುತ್ತಾರೆ. ಅಲ್ಲಿಂದ ಅಲ್ಯೂಮಿನಿಯಂ ತಂತಿ ಕಂಬದಿಂದ ಕಂಬಕ್ಕೆ ಹೋದಂತೆ ಒಂದೊಂದೇ ವೋಲ್ಟು ತಂತಿಯಲ್ಲೇ ಕರಗುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿದ ಹಾಗೆ ಲೈನಿನ ಕೊನೆಯ ಮನೆಗೆ ವೋಲ್ಟೇಜು ಮುಟ್ಟುತ್ತದೆ: ಮೇಲಿನವರು ಬಳಸಿ ಉಳಿದಷ್ಟು. ಸಂಜೆ ಹೊತ್ತು ಕೊನೆಯ ಕಂಬದಲ್ಲಿ ಮೀಟರು ಹಿಡಿದರೆ 170 ಕಾಣುವುದು ಉತ್ತರ ಕರ್ನಾಟಕದ ಯಾವ ಲೈನ್‌ಮನ್‌ಗೂ ಅಚ್ಚರಿಯ ಸಂಗತಿಯಲ್ಲ.

2002ರಲ್ಲಿ ವಿದ್ಯುತ್ ವಿತರಣಾ ಕಂಪನಿ ಜೆಸ್ಕಾಂ ಕಲಬುರಗಿಯಲ್ಲಿ ಶುರುವಾದ ಮೇಲೆ, ಅದರಲ್ಲೂ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಿದ ಮೇಲೆ, ಊರೊಳಗಿನ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಇದನ್ನು ಒಪ್ಪಿಕೊಳ್ಳಲೇಬೇಕು. ಹೊಲದಲ್ಲೇ ಮನೆ ಕಟ್ಟಿಕೊಂಡವರಿಗೆ ಆ ಸುಖ ಇನ್ನೂ ಪೂರ್ತಿ ಮುಟ್ಟಿಲ್ಲ.

ಬೋರ್ಡಿನ ಮೇಲೆ ಒಂದು ಡಬ್ಬಿ

ಈಗ ರಿಪೇರಿ ಅಂಗಡಿಗೆ ಬರೋಣ. ತಾಲ್ಲೂಕು ಊರುಗಳ ಬಸ್‌ಸ್ಟ್ಯಾಂಡಿನ ಸುತ್ತ ಇಂಥ ಅಂಗಡಿ ಇದ್ದೇ ಇರುತ್ತವೆ. ಟಿವಿ, ಮಿಕ್ಸರ್, ಸ್ಟಾರ್ಟರ್, ಕಾಟಾ ಎಲ್ಲವೂ ಒಂದೇ ಟೇಬಲ್ಲಿನ ಮೇಲೆ. "ಅಣ್ಣಾ, ಕಾಟಾ ತಪ್ಪು ತೋರಸ್ಲತ್ತದ, ನಿನ್ನೆ ತನಾ ಬರೋಬರಿ ಇತ್ತು" ಎಂದು ಹೇಳಿಕೊಂಡು ತೊಗರಿ ಸುಗ್ಗಿಯಲ್ಲಿ ಬರುವವರಿಗೆ ಲೆಕ್ಕವಿಲ್ಲ. ಬಹುತೇಕ ಕಾಟಾಗಳ ಒಳಗೆ 6 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಜೀವಂತ ಇದ್ದರೆ ಲೈನಿನ ಏರಿಳಿತ ಒಳಗೆ ತಾಗುವುದೇ ಇಲ್ಲ. ಕಲಬುರಗಿಯ ಬೇಸಿಗೆ 42-43 ಡಿಗ್ರಿ ಮುಟ್ಟುವ ಬೇಸಿಗೆ. ತಗಡಿನ ಶೆಡ್ಡಿನಲ್ಲಿ ಅದಕ್ಕಿಂತ ಹೆಚ್ಚು. ಒಂದೆರಡು ಬೇಸಿಗೆಯಲ್ಲಿ ಆ ಬ್ಯಾಟರಿ ಸಾಯುತ್ತದೆ. ಸತ್ತದ್ದನ್ನು ತೆಗೆದು ಬಿಸಾಡಿ, ಪ್ಲಗ್ ಸಿಕ್ಕಿಸಿಕೊಂಡು ತೂಗುತ್ತಾರೆ. ಅಲ್ಲಿಂದ ಮುಂದೆ ಬೋರ್ಡು ಬದುಕುವುದು ಲೈನಿನ ದಯೆಯ ಮೇಲೆ.

ಹಳೆಯ ಮಾದರಿಯ ಬೋರ್ಡೊಂದನ್ನು ಬಿಚ್ಚಿದರೆ ಕಾಣುವುದು ಇಷ್ಟು: 230 ವೋಲ್ಟನ್ನು 9ಕ್ಕೆ ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, 1000 ಮೈಕ್ರೋಫ್ಯಾರಡ್ ಎಂದು ಬರೆದ ದುಂಡನೆಯ ಕೆಪಾಸಿಟರ್ ಡಬ್ಬಿ, ಮೂರು ಕಾಲಿನ 7805 ರೆಗ್ಯುಲೇಟರ್, ಪ್ರೊಸೆಸರ್, ಮತ್ತು ಮೂಲೆಯಲ್ಲಿ ಎಂಟು ಕಾಲಿನ ಒಂದು ಪುಟ್ಟ ಚಿಪ್ಪು. ಕಾಟಾದ ನೆನಪೆಲ್ಲ ಇರುವುದು ಆ ಎಂಟು ಕಾಲಿನ ಚಿಪ್ಪಿನಲ್ಲಿ. ಅದರ ಹೆಸರು ಇಇಪ್ರಾಮ್. ಎಷ್ಟು ಒತ್ತಡಕ್ಕೆ ಎಷ್ಟು ಕಿಲೋ ಎಂಬ ಹೊಂದಾಣಿಕೆಯ ಅಂಕಿ ಅಲ್ಲಿದೆ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿಟ್ಟರೂ ಅದು ಮರೆಯುವುದಿಲ್ಲ. ಅದರ ಬಲಹೀನತೆ ಇರುವುದು ಬರೆಯುವ ಹೊತ್ತಿನಲ್ಲಿ. ಒಂದು ಅಂಕಿಯನ್ನು ಒಳಗೆ ಬರೆದು ಮುಗಿಸಲು ಅದಕ್ಕೆ 5 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು 5 ವೋಲ್ಟು ಅಲ್ಲಾಡದೆ ನಿಲ್ಲಬೇಕು.

ನಿಲ್ಲಿಸುವುದು ಯಾರು? 7805 ಎಂಬ ರೆಗ್ಯುಲೇಟರ್. ಅದು 5 ವೋಲ್ಟು ಕೊಡಬೇಕಾದರೆ ಅದರ ಬಾಯಿಗೆ 7 ವೋಲ್ಟಾದರೂ ಬರುತ್ತಿರಬೇಕು. ಲೈನ್ ಹೋದ ಮೇಲೆ ಅದಕ್ಕೆ ಉಣ್ಣಿಸುವುದು ಆ ದುಂಡನೆಯ ಡಬ್ಬಿಯಲ್ಲಿ ತುಂಬಿಟ್ಟ ಚಾರ್ಜು. ಇಲ್ಲಿ ಒಂದು ಸರಳ ಲೆಕ್ಕ ಹಾಕಬಹುದು. ಲೈನಿನಲ್ಲಿ 230 ಇದ್ದಾಗ ಡಬ್ಬಿಯಲ್ಲಿ ಸುಮಾರು 11.3 ವೋಲ್ಟು ತುಂಬಿರುತ್ತದೆ. ಬೋರ್ಡು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಎಳೆಯುತ್ತದೆ ಎಂದುಕೊಂಡರೆ 11.3ರಿಂದ 7ಕ್ಕೆ ಇಳಿಯಲು 43 ಮಿಲಿಸೆಕೆಂಡ್ ಹಿಡಿಯುತ್ತದೆ. ಬೇಕಾದದ್ದು 5, ಇರುವುದು 43. ನೆಮ್ಮದಿ.

ಅದೇ ಲೈನಿನಲ್ಲಿ 170 ಇದ್ದರೆ? ಡಬ್ಬಿಯಲ್ಲಿ ತುಂಬುವುದು 8 ವೋಲ್ಟು ಮಾತ್ರ. 8ರಿಂದ 7ಕ್ಕೆ ಇಳಿಯಲು 10 ಮಿಲಿಸೆಕೆಂಡ್ ಸಾಕು. ಲೈನಿನ ವೋಲ್ಟೇಜು ಕಾಲು ಭಾಗ ಇಳಿಯಿತು, ಕೈಯಲ್ಲಿದ್ದ ಸಮಯ ಕಾಲು ಭಾಗಕ್ಕೆ ಇಳಿಯಿತು. ಇನ್ನು ಕೆಪಾಸಿಟರ್ ಹಳತಾಗಿದ್ದರೆ ಕೇಳುವುದೇ ಬೇಡ. ಈ ಡಬ್ಬಿಗಳ ಒಳಗೆ ದ್ರವ ಇರುತ್ತದೆ. ಬಿಸಿಗೆ ಅದು ಒಣಗುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ತಲೆ ಉಬ್ಬಿದ ಡಬ್ಬಿಯನ್ನು ಮೀಟರಿಗೆ ಹಾಕಿದಾಗ 1000ದ ಬದಲು 300 ತೋರಿಸಿತು ಎನ್ನಿ. ಆಗ ಉಳಿಯುವುದು 3 ಮಿಲಿಸೆಕೆಂಡ್. ಚಿಪ್ಪಿಗೆ 5 ಬೇಕು. ಅರ್ಧ ಬರೆದ ಅಂಕಿ ಅಲ್ಲೇ ಉಳಿಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 300ಕ್ಕೆ ಇಳಿದ ಡಬ್ಬಿ, 170ಕ್ಕೆ ಇಳಿದ ಲೈನು ಎರಡೂ ಸೇರಿದಾಗ ಕರೆಂಟ್ ಹೋಗುವುದೇ ಬೇಡ. ಲೈನಿನ ಅಲೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಡಯೋಡುಗಳು ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ ಡಬ್ಬಿ ತುಂಬುವುದು 10 ಮಿಲಿಸೆಕೆಂಡಿಗೆ ಒಮ್ಮೆ. ಎರಡು ತುಂಬುವಿಕೆಗಳ ನಡುವೆಯೇ ಅದು 7 ವೋಲ್ಟಿಗಿಂತ ಕೆಳಗೆ ಹೋಗಿ ಬರುತ್ತಿರುತ್ತದೆ. ಪ್ರೊಸೆಸರ್ ಸಾಯುವುದಿಲ್ಲ, ಬದುಕುವುದೂ ಇಲ್ಲ. ಅರೆಪ್ರಜ್ಞೆಯಲ್ಲಿ ತಪ್ಪು ಆದೇಶಗಳನ್ನು ಓದುತ್ತದೆ, ಬರೆಯಬಾರದ ಜಾಗಕ್ಕೆ ಬರೆಯುತ್ತದೆ. ಹೊಂದಾಣಿಕೆಯ ಅಂಕಿ ಕೆಡುವುದು ಹೀಗೆ. ಕಡಿಮೆ ವೋಲ್ಟೇಜಿನಲ್ಲಿ ಪ್ರೊಸೆಸರ್ ದಾರಿ ತಪ್ಪಿ ಇಇಪ್ರಾಮ್ ಕೆಡಿಸಬಹುದು ಎಂಬ ಎಚ್ಚರಿಕೆ ಹೆಸರಾಂತ ಎವಿಆರ್ ಪ್ರೊಸೆಸರುಗಳ ಕೈಪಿಡಿಯಲ್ಲೇ ಇದೆ. ಪೂರ್ತಿ ಕತ್ತಲೆಗಿಂತ ಮಂಕು ಬೆಳಕು ಹೆಚ್ಚು ಅಪಾಯ ಎಂದು ಮೊದಲಿಗೇ ಹೇಳಿದ್ದು ಇದಕ್ಕೇ.

ಇದಕ್ಕೆ ಮದ್ದು ದುಬಾರಿಯದಲ್ಲ. ವೋಲ್ಟೇಜು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗೆ ಬಂದ ತಕ್ಷಣ ಪ್ರೊಸೆಸರನ್ನು ರೀಸೆಟ್‌ನಲ್ಲಿ ಹಿಡಿದಿಡುವ ಕಾವಲು ಸರ್ಕ್ಯೂಟು ಬಹಳ ಹಿಂದಿನಿಂದಲೂ ಇದೆ. ಎಟಿಮೆಗಾ328 ಎಂಬ ಜನಪ್ರಿಯ ಪ್ರೊಸೆಸರಿನ ಒಳಗೇ ಅದನ್ನು ಇಟ್ಟಿದ್ದಾರೆ, 1.8, 2.7, 4.3 ವೋಲ್ಟು ಎಂಬ ಮೂರು ಮಟ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಬೇರೆ ಚಿಪ್ಪಾಗಿಯೂ ಸಿಗುತ್ತದೆ. 1985ರಲ್ಲಿ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸ ಶುರು ಮಾಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಂಥ ಕಾವಲು ಚಿಪ್ಪು, ರೆಗ್ಯುಲೇಟರುಗಳನ್ನು ಮಾಡುವ ಪ್ರಮುಖ ಕಂಪನಿಗಳಲ್ಲಿ ಒಂದು. ಇನ್ನೂ ಜಾಣತನದ ಬೋರ್ಡುಗಳು 5 ವೋಲ್ಟನ್ನು ಕಾಯುತ್ತ ಕೂರುವುದಿಲ್ಲ. ಅದರ ಹಿಂದಿನ 11 ವೋಲ್ಟನ್ನೇ ನೋಡುತ್ತಿರುತ್ತವೆ. ಅದು 9ಕ್ಕೆ ಇಳಿದಾಗಲೇ "ಹೋಗ್ತದ" ಎಂದು ಗೊತ್ತಾಗಿ, ಉಳಿದ ಸಮಯದಲ್ಲಿ ಬರೆಯಬೇಕಾದ್ದನ್ನು ಬರೆದು ಮುಗಿಸುತ್ತವೆ. ಬರೆಯುವಾಗಲೂ ಎರಡು ಪ್ರತಿ ಬರೆದು, ಪ್ರತಿಯೊಂದಕ್ಕೂ ತಾಳೆ ನೋಡುವ ಒಂದು ಮೊತ್ತ ಸೇರಿಸಿಡುತ್ತವೆ. ಒಂದು ಕೆಟ್ಟರೆ ಇನ್ನೊಂದು ಇದ್ದೇ ಇದೆ. ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರು ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಯೂನಿಟ್ ಮರೆಯದೆ ಇರುವುದು ಇಂಥ ಮುನ್ನೆಚ್ಚರಿಕೆಯಿಂದ.

ಬೋರ್ಡಿನ ಒಳಗೆ ಕೈ ಹಾಕಲಾಗದ ಅಂಗಡಿಯವರಿಗೂ ಒಂದು ದಾರಿಯಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಲೈನು ಇಳಿದಷ್ಟೂ ತಾನೂ ಇಳಿಯುತ್ತದೆ. 100-240 ಎಂದು ಬರೆದ ಎಸ್‌ಎಂಪಿಎಸ್ ಅಡಾಪ್ಟರ್ ಹಾಗಲ್ಲ. ಲೈನಿನಲ್ಲಿ 120 ಇದ್ದರೂ ಅದು ಕೊಡಬೇಕಾದ ವೋಲ್ಟನ್ನು ಪೂರ್ತಿ ಕೊಡುತ್ತದೆ. ಹೊರಗಿನಿಂದ ಅಡಾಪ್ಟರ್ ಸಿಕ್ಕಿಸುವ ಕಾಟಾ ಆದರೆ ಅಷ್ಟೇ ವೋಲ್ಟು, ಅಷ್ಟೇ ಆಂಪಿಯರಿನ ಎಸ್‌ಎಂಪಿಎಸ್ ಅಡಾಪ್ಟರನ್ನು ಮೆಕ್ಯಾನಿಕ್ ಕಡೆಯಿಂದ ಹಾಕಿಸಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ. ಒಳಗಿನ ಡಬ್ಬಿ ಬದಲಿಸುವಾಗ 85 ಡಿಗ್ರಿಯದ್ದು ಬೇಡ, 105 ಡಿಗ್ರಿಯದ್ದು ಹಾಕು ಎಂದು ಕೇಳಿ ಹಾಕಿಸಿಕೊಳ್ಳಬೇಕು. ನಮ್ಮ ಬಿಸಿಲಿಗೆ ಅದು ಬೇಕೇ ಬೇಕು.

ಇನ್ವರ್ಟರಿನ ಹಿಂದಿನ ಸ್ವಿಚ್

ಕಂಪ್ಯೂಟರಿನ ವಿಷಯ ಸ್ವಲ್ಪ ಬೇರೆ. ಅದರ ಎಸ್‌ಎಂಪಿಎಸ್ ಲೈನಿನ 230ನ್ನು ಮೊದಲು ಸುಮಾರು 325 ವೋಲ್ಟು ಡಿಸಿ ಮಾಡಿ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಲೈನು ಕಡಿದರೂ ಪೂರ್ಣ ಹೊರೆಯಲ್ಲಿ 16-17 ಮಿಲಿಸೆಕೆಂಡ್ ತಡೆದುಕೊಳ್ಳಬೇಕು ಎಂಬುದು ಅದರ ಮಾನದಂಡ. ಆದರೆ ಕೆಪಾಸಿಟರಿನಲ್ಲಿರುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230ರ ಜಾಗದಲ್ಲಿ 170 ಬಂದರೆ ತುಂಬಿದ ಶಕ್ತಿ ಶೇ 55ಕ್ಕೆ ಇಳಿಯುತ್ತದೆ, ಬಳಸಲು ಸಿಗುವುದು ಅದಕ್ಕಿಂತಲೂ ಕಡಿಮೆ. ಅಗ್ಗದ ಎಸ್‌ಎಂಪಿಎಸ್ ಆದರೆ ಆ ಕೆಪಾಸಿಟರೂ ಚಿಕ್ಕದು. ಲೈಟು ಒಮ್ಮೆ ಮಿಣುಕಿದ್ದಕ್ಕೇ ಕಂಪ್ಯೂಟರು ರೀಸ್ಟಾರ್ಟ್ ಆಯಿತು ಎಂಬ ದೂರು ಬರುವುದು ಇಲ್ಲಿಂದ.

ಇದಕ್ಕೆ ಜನ ಕೊಂಡುಕೊಳ್ಳುವುದು ಸ್ಟೆಬಿಲೈಜರ್. ಫ್ರಿಡ್ಜಿಗೆ ಅದು ಸರಿ. ಟಕ್ ಟಕ್ ಎಂದು ರಿಲೇ ಬದಲಾಯಿಸುವ ಸ್ಟೆಬಿಲೈಜರ್ ನಿಧಾನಕ್ಕೆ ಇಳಿದ ವೋಲ್ಟೇಜನ್ನು ಎತ್ತುತ್ತದೆ. ಮೋಟಾರು ಎದ್ದಾಗಿನ ಆ ಗಳಿಗೆಯ ಕುಸಿತವನ್ನು ಅದು ಹಿಡಿಯಲಾರದು, ರಿಲೇ ಹಾರುವ ಹೊತ್ತಿನಲ್ಲಿ ತಾನೇ ಒಂದು ಸಣ್ಣ ಕಡಿತವನ್ನು ಸೇರಿಸುತ್ತದೆ. ನೆನಪಿನ ಯಂತ್ರಕ್ಕೆ ಬೇಕಾದದ್ದು ಯುಪಿಎಸ್, ಅಂದರೆ ಬ್ಯಾಟರಿ ಬೆನ್ನಿಗಿರುವ ವ್ಯವಸ್ಥೆ.

ಹೆಚ್ಚಿನ ಮನೆ, ಅಂಗಡಿಗಳಲ್ಲಿ ಇರುವುದು ಇನ್ವರ್ಟರ್. ಅನೇಕ ಇನ್ವರ್ಟರುಗಳ ಹಿಂದೆ ಒಂದು ಚಿಕ್ಕ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಇಟ್ಟುಹೋದವನು ಹೇಗೆ ಇಟ್ಟಿದ್ದನೋ ಹಾಗೇ ವರ್ಷಾನುಗಟ್ಟಲೆ ಧೂಳು ಹಿಡಿದಿರುತ್ತದೆ. ನಾರ್ಮಲ್‌ನಲ್ಲಿ ಇನ್ವರ್ಟರು 100ರ ಆಸುಪಾಸಿನಿಂದ ಮೇಲಕ್ಕೆ ಯಾವ ವೋಲ್ಟೇಜು ಬಂದರೂ ಹಾಗೇ ಒಳಗೆ ಬಿಡುತ್ತದೆ, ಬ್ಯಾಟರಿಗೆ ಹೊರಳುವುದೂ ನಿಧಾನ. ಫ್ಯಾನು ಲೈಟಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು. ಯುಪಿಎಸ್ ಕಡೆ ತಿರುಗಿಸಿದರೆ 180ಕ್ಕಿಂತ ಕೆಳಗೆ ಇಳಿದ ಕೂಡಲೇ ಚಟ್ಟನೆ ಬ್ಯಾಟರಿಗೆ ಹೊರಳುತ್ತದೆ. ಕಂಪ್ಯೂಟರಿಗೆ ಇದೇ ಬೇಕಾದದ್ದು. ಆದರೆ ಲೈನಿನ ಕೊನೆಯ ಊರಿನಲ್ಲಿ ಸಂಜೆಯಿಡೀ 170 ಇದ್ದರೆ ಏನಾಗುತ್ತದೆ? ಕರೆಂಟ್ ಇದ್ದೂ ಇನ್ವರ್ಟರು ಬ್ಯಾಟರಿಯ ಮೇಲೇ ಓಡುತ್ತದೆ. ಬ್ಯಾಟರಿ ಬರಿದಾಗುತ್ತದೆ, ತುಂಬಲು ಲೈನಿನಲ್ಲಿ ವೋಲ್ಟೇಜು ಇಲ್ಲ. ಎರಡು ತಿಂಗಳಲ್ಲಿ ಬ್ಯಾಟರಿಯ ಕಥೆ ಮುಗಿಯುತ್ತದೆ. ಬೇಸತ್ತ ಮಾಲೀಕರು ಸ್ವಿಚ್ಚನ್ನು ಮತ್ತೆ ನಾರ್ಮಲ್‌ಗೆ ತಳ್ಳುತ್ತಾರೆ.

ಈ ಇಕ್ಕಟ್ಟು ಬೆಂಗಳೂರಿನಲ್ಲಿ ಕೂತು ಇನ್ವರ್ಟರಿನ ಕೈಪಿಡಿ ಓದುವವರಿಗೆ ಕಾಣುವುದಿಲ್ಲ. ಇದಕ್ಕೆ ನನಗೆ ತೋರುವ ಸರಿಯಾದ ದಾರಿ ಒಂದೇ: ಮನೆಯ ಹೊರೆಯನ್ನು ನಾರ್ಮಲ್‌ನಲ್ಲಿ ಬಿಟ್ಟು, ಕಂಪ್ಯೂಟರಿಗೆ ಮಾತ್ರ ಕಡಿಮೆ ವೋಲ್ಟೇಜನ್ನು ತಾನೇ ಎತ್ತಿ ಕೊಡುವ ಸಣ್ಣ ಯುಪಿಎಸ್ ಬೇರೆ ಇಡುವುದು. 140ರವರೆಗೂ ಬ್ಯಾಟರಿ ಮುಟ್ಟದೆ ನಿಭಾಯಿಸುವ ಮಾದರಿಗಳು ಸಿಗುತ್ತವೆ. ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್ ಇಟ್ಟುಕೊಂಡ ಅಂಗಡಿಗಳು ಈ ಸಮಸ್ಯೆಯನ್ನು ತಿಳಿದೋ ತಿಳಿಯದೆಯೋ ದಾಟಿಬಿಟ್ಟಿವೆ. ಅವುಗಳ ಬ್ಯಾಟರಿ ಹೊಟ್ಟೆಯೊಳಗೇ ಇದೆ.

ಕರೆಂಟ್ ಕೈಕೊಟ್ಟರೂ ಕಡತ ಉಳಿಸುವ ದಾರಿ ಸಾಫ್ಟ್‌ವೇರಿನಲ್ಲೂ ಇದೆ. ಕರ್ನಾಟಕ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಪಡೆಯುವ ಆ ದಿನಗಳು ಈ ಭಾಗದ ಹಿರಿಯರಿಗೆ ನೆನಪಿವೆ. ಅಷ್ಟು ದೊಡ್ಡ ಕಡತ ವೋಲ್ಟೇಜಿನ ಏರಿಳಿತಕ್ಕೆ ಕರಗದೆ ಉಳಿದದ್ದು ಡೇಟಾಬೇಸಿನ ಒಂದು ಶಿಸ್ತಿನಿಂದ: ಮೂಲ ಕಡತ ಮುಟ್ಟುವ ಮೊದಲು ಏನು ಬದಲಿಸುತ್ತೇನೆ ಎಂಬುದನ್ನು ಬೇರೊಂದು ದಿನಚರಿಯಲ್ಲಿ ಬರೆದಿಡುವುದು. ನಡುವೆ ಕರೆಂಟ್ ಹೋದರೆ, ಬಂದ ಮೇಲೆ ಆ ದಿನಚರಿ ಓದಿ ಅರ್ಧ ಕೆಲಸವನ್ನು ಮುಗಿಸುವುದು ಇಲ್ಲವೇ ರದ್ದು ಮಾಡುವುದು.

1.2 ವೋಲ್ಟಿನ ಲೋಕ

ಕಂಪ್ಯೂಟರಿನ ರ್‍ಯಾಮ್ ಬೇರೆಯೇ ಜಾತಿ. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಡಿರ್‍ಯಾಮ್‌ನಲ್ಲಿ ಒಂದು ಬಿಟ್ ಅಂದರೆ ಒಂದು ಟ್ರಾನ್ಸಿಸ್ಟರು, ಒಂದು ಅತಿಸೂಕ್ಷ್ಮ ಕೆಪಾಸಿಟರು. ಇಂದಿನ ಚಿಪ್ಪುಗಳಲ್ಲಿ ಅದರ ಗಾತ್ರ ಸ್ಥೂಲವಾಗಿ ಒಂದು ಫ್ಯಾರಡ್ಡಿನ ಕೋಟಿಯ ಕೋಟಿ ಪಾಲಿನಲ್ಲಿ ಒಂದು ಪಾಲು. ಅದರಲ್ಲಿ ಹಿಡಿಯುವುದು 60-70 ಸಾವಿರ ಎಲೆಕ್ಟ್ರಾನು. ಅವೂ ಸೋರುತ್ತಿರುತ್ತವೆ, ಆದ್ದರಿಂದ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದು ಸಾಲನ್ನೂ ಓದಿ ಮತ್ತೆ ತುಂಬಲೇಬೇಕು. ಚಿಪ್ಪು 85 ಡಿಗ್ರಿ ದಾಟಿ ಬಿಸಿಯಾದರೆ ಸೋರುವುದು ಹೆಚ್ಚಿ, 32 ಮಿಲಿಸೆಕೆಂಡಿಗೇ ತುಂಬಬೇಕು. ಫ್ಯಾನಿನ ಜಾಲರಿಗೆ ಹತ್ತಿಯ ಧೂಳು ಮೆತ್ತಿಕೊಂಡ ಕಂಪ್ಯೂಟರು ಬೇಸಿಗೆಯಲ್ಲಿ ಕಾರಣವಿಲ್ಲದೆ ಹ್ಯಾಂಗ್ ಆದಾಗ ಈ ಬಿಸಿಯನ್ನೂ ಅನುಮಾನಿಸಬೇಕು.

ಡಿಡಿಆರ್ ಎಂಬ ಮೊದಲ ತಲೆಮಾರಿಗೆ 2.5 ವೋಲ್ಟು ಬೇಕಿತ್ತು. ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಈಗಿನ ಡಿಡಿಆರ್5ಕ್ಕೆ 1.1. ವಿದ್ಯುತ್ ಉಳಿಯಿತು, ಬಿಸಿ ಇಳಿಯಿತು. ಜೊತೆಗೆ ತಪ್ಪಿಗೆ ಇದ್ದ ಜಾಗವೂ ಇಳಿಯಿತು. ಡಿಡಿಆರ್4ಕ್ಕೆ ಒಪ್ಪುವ ಮಿತಿ 1.14ರಿಂದ 1.26. ಕೆಳಗೆ 60 ಮಿಲಿವೋಲ್ಟು ಜಾರಿದರೆ ಸೊನ್ನೆ ಯಾವುದು, ಒಂದು ಯಾವುದು ಎಂಬ ಭರವಸೆ ಇಲ್ಲ. ಹೊರಗೆ 60 ವೋಲ್ಟು ಕುಸಿಯುವ ಊರಿನಲ್ಲಿ ಒಳಗೆ 60 ಮಿಲಿವೋಲ್ಟಿನ ಶಿಸ್ತು ಕಾಯುವುದು ಇಂಜಿನಿಯರಿಂಗಿನ ನಿಜವಾದ ಸಾಧನೆ. ಎಸ್‌ಎಂಪಿಎಸ್ 12 ವೋಲ್ಟು ಕೊಟ್ಟರೆ, ಮದರ್‌ಬೋರ್ಡಿನ ರೆಗ್ಯುಲೇಟರು ಅದನ್ನು ಸೆಕೆಂಡಿಗೆ ಲಕ್ಷಾಂತರ ಸಲ ಕಡಿದು ಸೋಸಿ 1.2 ಮಾಡುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಚಿಪ್ಪು ಒಮ್ಮೆಲೇ ಎಚ್ಚೆತ್ತು ಒಂದು ನ್ಯಾನೋಸೆಕೆಂಡಿನಲ್ಲಿ 1 ಆಂಪಿಯರ್ ಕೇಳಿದರೆ, ಒಂದು ಮಿಲಿಮೀಟರ್ ಉದ್ದದ ತಾಮ್ರದ ಗೆರೆಯೂ ಅಡ್ಡ ಬರುತ್ತದೆ. ಅದರ ಇಂಡಕ್ಟನ್ಸು ಸುಮಾರು 1 ನ್ಯಾನೋಹೆನ್ರಿ; ಲೆಕ್ಕ ಹಾಕಿದರೆ ಆ ಗೆರೆಯ ಮೇಲೆ ಬೀಳುವುದು 1 ವೋಲ್ಟು. ಇದ್ದದ್ದೇ 1.2! ಅದಕ್ಕೇ ಪ್ರತಿ ಮೆಮೊರಿ ಚಿಪ್ಪಿನ ಮೈಗೆ ಅಂಟಿಕೊಂಡಂತೆ ಸಾಸಿವೆ ಗಾತ್ರದ ಸಿರಾಮಿಕ್ ಕೆಪಾಸಿಟರುಗಳನ್ನು ಇಡುತ್ತಾರೆ. ಆ ಒಂದು ನ್ಯಾನೋಸೆಕೆಂಡಿಗೆ ಉಣ್ಣಿಸುವುದು ಅವೇ. ದೂರದ ರೆಗ್ಯುಲೇಟರ್ ಎಚ್ಚರಗೊಳ್ಳುವ ಹೊತ್ತಿಗೆ ಅವು ಕೆಲಸ ಮುಗಿಸಿರುತ್ತವೆ. ಡಿಡಿಆರ್5ರಲ್ಲಿ ರೆಗ್ಯುಲೇಟರನ್ನೇ ಮದರ್‌ಬೋರ್ಡಿನಿಂದ ಕಿತ್ತು ಮೆಮೊರಿ ಪಟ್ಟಿಯ ಮೇಲೆ ತಂದು ಕೂರಿಸಿದ್ದಾರೆ, ದಾರಿ ಕಡಿಮೆಯಾಗಲಿ ಎಂದು.

ಪೆನ್‌ಡ್ರೈವ್, ಮೊಬೈಲ್, ಎಸ್‌ಎಸ್‌ಡಿಗಳಲ್ಲಿರುವ ಫ್ಲ್ಯಾಶ್ ತೋಷಿಬಾದ ಫುಜಿಯೋ ಮಸುವೋಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಕೊಟ್ಟದ್ದು. ಕರೆಂಟ್ ಇಲ್ಲದೆಯೂ ನೆನಪು ಉಳಿಯುತ್ತದೆ. ಬರೆಯಲು ಮಾತ್ರ ಚಿಪ್ಪು ತನ್ನೊಳಗೇ ಮೂರು ವೋಲ್ಟನ್ನು 20ರ ಸಮೀಪಕ್ಕೆ ಏರಿಸಿಕೊಂಡು ಎಲೆಕ್ಟ್ರಾನುಗಳನ್ನು ಆಕ್ಸೈಡಿನ ಗೋಡೆಯಾಚೆ ತಳ್ಳುತ್ತದೆ. ಆ ನಡುವೆ ಲೈನು ಕೈಕೊಟ್ಟರೆ ಈಗ ಬರೆಯುತ್ತಿದ್ದದ್ದು ಕೆಡುವುದು ಸಹಜ. ಒಂದೇ ಕೋಶದಲ್ಲಿ ಮೂರು ಬಿಟ್ ತುಂಬಿಸುವ ಇಂದಿನ ಚಿಪ್ಪುಗಳಲ್ಲಿ, ಅದೇ ಕೋಶ ಹಂಚಿಕೊಂಡಿದ್ದ, ಹಿಂದೆಯೇ ಸರಿಯಾಗಿ ಬರೆದಿಟ್ಟ ಮಾಹಿತಿಯೂ ಕೆಡಬಹುದು. ಸರ್ವರುಗಳಿಗೆ ಮಾಡಿದ ಎಸ್‌ಎಸ್‌ಡಿಗಳಲ್ಲಿ ಈ ಕೊನೆಯ ಗಳಿಗೆಗೆಂದೇ ಕೆಪಾಸಿಟರುಗಳ ಸಾಲು ಇರುತ್ತದೆ. ಅಗ್ಗದವುಗಳಲ್ಲಿ ಇರುವುದಿಲ್ಲ. ಮದುವೆಯ ಫೋಟೋ, ಅಂಗಡಿಯ ವರ್ಷದ ಲೆಕ್ಕ ಅಗ್ಗದ ಎಸ್‌ಎಸ್‌ಡಿಯೊಂದರಲ್ಲೇ ಇದ್ದರೆ, ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಲೈನಿನ ಸಹವಾಸವೇ ಬೇಡ ಎಂದು ಮಾಡಿದ ಯಂತ್ರವೂ ನಮ್ಮ ನಡುವೆ ಇದೆ. ಮತಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಅದು ತನ್ನದೇ ಬ್ಯಾಟರಿಯ ಮೇಲೆ ನಡೆಯುತ್ತದೆ, ಬ್ಯಾಟರಿ ತೆಗೆದರೂ ಎಣಿಕೆ ಅಳಿಯುವುದಿಲ್ಲ. ಕರೆಂಟೇ ಇಲ್ಲದ ಶಾಲೆಯಲ್ಲೂ ಮತಗಟ್ಟೆ ನಡೆಯಬೇಕು ಎಂಬ ಆಲೋಚನೆಯಿಂದ ಹುಟ್ಟಿದ ವಿನ್ಯಾಸ ಅದು.

ಎರೆಮಣ್ಣಿನ ಬಿರುಕು

ಕಡಿಮೆ ವೋಲ್ಟೇಜಿನಷ್ಟೇ ಹೆಚ್ಚು ವೋಲ್ಟೇಜೂ ಕಾಡುತ್ತದೆ. ಟಿಸಿಯ ಬಳಿ ನ್ಯೂಟ್ರಲ್ ತಂತಿ ಸಡಿಲವಾದರೆ ಅಥವಾ ಗಾಳಿಗೆ ಕಡಿದರೆ ಮೂರು ಫೇಸುಗಳ ಹೊರೆ ತಮ್ಮತಮ್ಮಲ್ಲೇ ವೋಲ್ಟೇಜು ಹಂಚಿಕೊಳ್ಳತೊಡಗುತ್ತವೆ. ಹೊರೆ ಹೆಚ್ಚಿದ್ದ ಫೇಸಿನ ಮನೆಗೆ 100, ಕಡಿಮೆ ಇದ್ದ ಮನೆಗೆ 350 ಬರಬಹುದು. ಒಂದೇ ಓಣಿಯಲ್ಲಿ ಒಬ್ಬರ ಬಲ್ಬು ಮಂಕಾಗಿ ಇನ್ನೊಬ್ಬರ ಟಿವಿ ಸುಟ್ಟರೆ ಮೊದಲು ನ್ಯೂಟ್ರಲ್ ನೋಡಬೇಕು. ಬಲ್ಬು ಮಂಕಾದ ಮನೆಯವರೂ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ ಲೈನ್‌ಮನ್‌ಗೆ ಹೇಳಬೇಕು.

ಅರ್ಥಿಂಗಿನದ್ದು ಈ ಭಾಗಕ್ಕೇ ವಿಶೇಷವಾದ ತೊಂದರೆ. ಎರೆಮಣ್ಣು ಹಸಿಯಾಗಿದ್ದಾಗ ಒಳ್ಳೆಯ ಅರ್ಥಿಂಗ್ ಕೊಡುತ್ತದೆ. ಏಪ್ರಿಲ್-ಮೇನಲ್ಲಿ ಅದು ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಟ್ಟು, ಅರ್ಥ್ ರಾಡಿನ ಸುತ್ತಲೇ ಸಂದು ಬಿಡುತ್ತದೆ. ರಾಡು ನೆಲದಲ್ಲಿದೆ, ಮಣ್ಣಿನ ಹಿಡಿತದಲ್ಲಿ ಇಲ್ಲ. ಮುಂಗಾರಿನ ಮೊದಲ ಗುಡುಗು-ಮಿಂಚಿನ ಮಳೆ ಬರುವುದು ಸರಿಯಾಗಿ ಆಗಲೇ. ಮಿಂಚಿನ ಹೊಡೆತವನ್ನು ನೆಲಕ್ಕಿಳಿಸಬೇಕಾದ ದಾರಿ ಒಣಗಿರುವಾಗ ಅದು ಅಡಾಪ್ಟರು, ಮೋಡೆಮ್ಮು, ಬೋರ್ಡುಗಳ ಮೂಲಕ ದಾರಿ ಹುಡುಕುತ್ತದೆ. ಇದ್ದಿಲು-ಉಪ್ಪು ಹಾಕಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಹಾಕುವ ರೂಢಿ ಹಳೆಯ ವೈರ್‌ಮನ್‌ಗಳಲ್ಲಿತ್ತು. ಶಾಲೆ, ಪಂಚಾಯಿತಿ, ಸೊಸೈಟಿಗಳ ಕಂಪ್ಯೂಟರ್ ಕೋಣೆಯ ಹಿಂದಿನ ಗುಂಡಿ ಈಗ ಎಲ್ಲಿದೆ ಎಂದು ಎಷ್ಟೋ ಕಡೆ ಯಾರಿಗೂ ಗೊತ್ತಿರುವುದಿಲ್ಲ.

ಅಳತೆ ಯಾರು ಮಾಡಬೇಕು

ತೂಕದ ಯಂತ್ರಗಳಿಗೆ ಒಐಎಂಎಲ್ ಆರ್76 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಯಂತ್ರವನ್ನು ಒಪ್ಪುವ ಮೊದಲು ನಿಗದಿತ ವೋಲ್ಟೇಜಿಗಿಂತ ಶೇ 15ರಷ್ಟು ಕೆಳಗೆ, ಶೇ 10ರಷ್ಟು ಮೇಲೆ ಓಡಿಸಿ ನೋಡಬೇಕು ಎನ್ನುತ್ತದೆ ಅದು. 230ಕ್ಕೆ ಶೇ 15 ಕಳೆದರೆ ಸುಮಾರು 196. ಲೈನಿನ ಕೊನೆಯ ಅಂಗಡಿಯಲ್ಲಿ ಸಂಜೆ ಇರುವುದು 170. ಅಂದರೆ ಯಂತ್ರ ಪರೀಕ್ಷೆಯಲ್ಲಿ ಪಾಸಾದ ಲೋಕ ಒಂದು, ರೈತನ ತೊಗರಿ ತೂಗುವ ಲೋಕ ಇನ್ನೊಂದು. ಈ ಎರಡರ ನಡುವಿನ ಅಂತರ ಯಾರ ಕಡತದಲ್ಲೂ ಇಲ್ಲದಿರುವುದೇ ನನ್ನನ್ನು ಹೆಚ್ಚು ಕಾಡುವ ವಿಷಯ. ತೂಕ ತಪ್ಪಿದರೆ ಹೋಗುವುದು ಒಂದು ಹಂಗಾಮಿನ ದುಡಿಮೆ.

ಆ ಅಂತರವನ್ನು ಅಳೆಯಬಲ್ಲವರು ಇಲ್ಲೇ ಇದ್ದಾರೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1958ರಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಪಿಡಿಎ ಕಾಲೇಜಿದೆ. ಪ್ರಾಜೆಕ್ಟು ಹುಡುಕುವ ವಿದ್ಯಾರ್ಥಿಗಳು ಕೊನೆಯ ಕಂಬದ ಅಂಗಡಿಗಳಲ್ಲಿ ವೋಲ್ಟೇಜು ದಾಖಲಿಸುವ ಪುಟ್ಟ ಪೆಟ್ಟಿಗೆಗಳನ್ನು ಇಟ್ಟುಬರಬಹುದು. ಡಿಸೆಂಬರ್-ಜನವರಿ ಇದಕ್ಕೆ ತಕ್ಕ ಕಾಲ: ತೊಗರಿ ಕಟಾವು, ಕಬ್ಬು ನುರಿಸುವ ಹಂಗಾಮು, ಹಿಂಗಾರಿ ಬೆಳೆಗೆ ನೀರು ಎಲ್ಲ ಒಟ್ಟಿಗೇ ಬಂದು ಲೈನಿನ ಮೇಲೆ ಹೊರೆ ತುದಿ ಮುಟ್ಟಿರುತ್ತದೆ. ಸೆಕೆಂಡಿಗೊಮ್ಮೆ ಅಳೆದರೆ ಸಾಲದು; ಮೋಟಾರು ಎದ್ದ ಕುಸಿತ ಅದರ ಸಂದಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಪ್ರತಿ ಅಲೆಯನ್ನೂ, ಅಂದರೆ 20 ಮಿಲಿಸೆಕೆಂಡಿಗೊಂದು ಅಂಕಿ ಹಿಡಿಯಬೇಕು. ಕೆಲವು ನೂರು ರೂಪಾಯಿಯ ಪ್ರೊಸೆಸರ್ ಬೋರ್ಡು, ಒಂದು ಮೆಮೊರಿ ಕಾರ್ಡು ಇದಕ್ಕೆ ಸಾಕು. ಆ ಪೆಟ್ಟಿಗೆಗೆ ಒಳ್ಳೆಯ ಬ್ಯಾಟರಿಯೊಂದನ್ನು ಹಾಕಿರಬೇಕು, ಅಷ್ಟೆ. ಹಾಗೆ ಸಿಕ್ಕ ಅಂಕಿಗಳ ಒಂದು ಪ್ರತಿ ಜೆಸ್ಕಾಂಗೆ ಹೋಗಲಿ, ಯಾವ ಟಿಸಿಯ ಮೇಲಿನ ಹೊರೆ ಹಂಚಬೇಕು ಎಂಬುದು ಅವರಿಗೆ ಅದರಿಂದ ಕಾಣುತ್ತದೆ. ಇನ್ನೊಂದು ಪ್ರತಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗಲಿ. ಕಾಟಾಗಳಿಗೆ ವರ್ಷದ ಮುದ್ರೆ ಒತ್ತುವಾಗ ಬೋರ್ಡನ್ನು 150 ವೋಲ್ಟಿಗೆ ಇಳಿಸಿ ಒಮ್ಮೆ, ಬ್ಯಾಟರಿ ತೆಗೆದು ಇನ್ನೊಮ್ಮೆ ತೂಗಿ ನೋಡಿ ಎಂದು ಕೇಳುವುದಕ್ಕೆ ಬೇಕಾದ ಆಧಾರ ಆ ಪಟ್ಟಿಯಲ್ಲಿರುತ್ತದೆ.